ಮರಕ್ಕೆ ಕಟ್ಟಿದ ಮಾಸು

ಆ ಚಳಿಗಾಲದಲ್ಲಿ ನಮ್ಮ ಅಟೆಂಡರಿಗೆ ಮೂರನೇ ಸಲ ಜ್ವರ ಬಂದ ವಾರವೇ ನನ್ನ ಮೊಬೈಲಿಗೆ ಮೈಸೂರಿನ ಜಿಲ್ಲಾ ಕಚೇರಿಯಿಂದ ಒಂದು ಇಂಗ್ಲಿಷ್ ಕಡತ ಬಂತು. ಎರಡರಲ್ಲಿ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ್ದು ಕಡತವನ್ನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ.

ನಾನು ದನದ ಡಾಕ್ಟರು. ಕೆ.ಆರ್. ನಗರದ ಕಡೆ ನಾಲೆ ಬಯಲಿನ ಒಕ್ಕಲು ಮನೆಯಲ್ಲಿ ಹುಟ್ಟಿದವಳು. ಹುಣಸೂರಿನಲ್ಲಿ ಕೆಲವು ವರ್ಷ, ಆಮೇಲೆ ಪಿರಿಯಾಪಟ್ಟಣದ ಬೆಟ್ಟದಪುರದ ಕಡೆ ಕೆಲವು ವರ್ಷ ಕೆಲಸ ಮಾಡಿ, ಎಚ್.ಡಿ. ಕೋಟೆ ತಾಲ್ಲೂಕಿಗೆ ಬಂದೆ. ಹ್ಯಾಂಡ್‌ಪೋಸ್ಟ್ ಎಂಬ ಪೇಟೆಯಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ದಾರಿಯ ಊರು. ಅಲ್ಲಿಯ ಪಶು ಆಸ್ಪತ್ರೆ ಎಂದರೆ ಎರಡು ಕೋಣೆ, ಅಂಗಳದಲ್ಲಿ ದನ ನಿಲ್ಲಿಸುವ ಕಬ್ಬಿಣದ ಕಟಕಟೆ, ಸದಾ ಗೊರಗುಡುವ ಒಂದು ಫ್ರಿಜ್ಜು, ನಾನು, ಅಟೆಂಡರು. ಬಾಯಿ ಜೋರು ಎಂದು ಹೋದ ತಾಲ್ಲೂಕಿನಲ್ಲೆಲ್ಲ ಹೆಸರು ತೆಗೆದುಕೊಂಡಿದ್ದೇನೆ. ಹಸುವಿಗೆ ಕಾಯಿಲೆ ಬಂದು ಎಂಟು ದಿನವಾದ ಮೇಲೆ ಹೊಡೆದುಕೊಂಡು ಬರುವವರಿಗೆ ನಾನು ಉಗಿಯದೆ ಬಿಟ್ಟಿದ್ದೇ ಇಲ್ಲ.

ಅಟೆಂಡರು ನನಗಿಂತ ಐದಾರು ವರ್ಷ ದೊಡ್ಡವರು, ಅದೇ ಊರಿನವರು. ನಾನು ಅಣ್ಣ ಅನ್ನುತ್ತಿದ್ದೆ, ಅವರು ಡಾಕ್ಟ್ರಮ್ಮ ಅನ್ನುತ್ತಿದ್ದರು. ಕಾಗದದ ಪ್ರಕಾರ ಅವರ ಕೆಲಸ ಕಸ ಗುಡಿಸುವುದು, ದನ ಹಿಡಿದು ನಿಲ್ಲಿಸುವುದು, ಔಷಧದ ಡಬ್ಬ ಹೊರುವುದು. ಆದರೆ ಸುತ್ತಲ ಹಳ್ಳಿಗಳಲ್ಲಿ ಅವರಿಗಿದ್ದ ಮರ್ಯಾದೆ ನನಗಿರಲಿಲ್ಲ. ಕರು ಹಾಕಿದ ಮೇಲೆ ಮಾಸು ಬೀಳಬೇಕು. ಕರುವನ್ನು ಹೊಟ್ಟೆಯೊಳಗೆ ಸುತ್ತಿಕೊಂಡಿದ್ದ ಚೀಲ ಅದು. ಕೆಲವು ಹಸುಗಳಲ್ಲಿ ಬೀಳುವುದಿಲ್ಲ, ಒಳಗೇ ನಿಂತು ಕೊಳೆಯಲು ಶುರುವಾಗುತ್ತದೆ. ಆಗ ಕೈ ಹಾಕಿ, ಗರ್ಭಕೋಶಕ್ಕೆ ಅಂಟಿಕೊಂಡ ಗಂಟಿನಂಥ ಒಂದೊಂದು ಗುಬಟನ್ನೂ ಬೆರಳಿನಿಂದ ಬಿಡಿಸಿ ಹೊರಗೆ ತೆಗೆಯಬೇಕು. ನಾನು ಅದನ್ನು ಕಾಲೇಜಿನಲ್ಲಿ ಓದಿ ಕಲಿತವಳು. ಅವರು ಯಾವ ಕಾಲೇಜೂ ಇಲ್ಲದೆ ನನಗಿಂತ ಚೆನ್ನಾಗಿ ಮಾಡುತ್ತಿದ್ದರು. ಹಸುವಿಗೆ ನೋವಾಗದಂತೆ, ರಕ್ತ ಬಾರದಂತೆ, ಅರ್ಧ ಗಂಟೆಯಲ್ಲಿ ಮಾಸು ಇಡಿಯಾಗಿ ಹೊರಗೆ ಬರುತ್ತಿತ್ತು. ಅಟೆಂಡರ ಕೈಗುಣ ಒಳ್ಳೆಯದು, ಅವರು ಮುಟ್ಟಿದ ಹಸು ಮುಂದಿನ ವರ್ಷವೂ ಗಬ್ಬ ಕಟ್ಟುತ್ತದೆ ಎಂದು ಜನ ನಂಬಿದ್ದರು. ನನ್ನನ್ನು ಕರೆಯಲು ಬಂದವರೂ ಬಾಗಿಲಲ್ಲಿ ನಿಂತು ಅವರು ಬರುತ್ತಾರಾ ಎಂದು ಮೊದಲು ಕೇಳುತ್ತಿದ್ದರು.

ಭುಜದವರೆಗೆ ಬರುವ ಪ್ಲಾಸ್ಟಿಕ್ ಗ್ಲೌಸು ಆಸ್ಪತ್ರೆಯಲ್ಲಿ ಇರಲಿಲ್ಲವೆಂದಲ್ಲ, ಬೀರುವಿನಲ್ಲಿ ಒಂದು ಡಬ್ಬ ಇತ್ತು. ಗ್ಲೌಸು ಹಾಕಿದರೆ ಬೆರಳು ಕುರುಡಾಗುತ್ತದೆ ಎಂದು ಅವರು ಹಾಕುತ್ತಿರಲಿಲ್ಲ. ಒಂದೆರಡು ಸಲ ಹೇಳಿ ನಾನೂ ಸುಮ್ಮನಾದೆ. ನಾನೇ ಎಷ್ಟೋ ಸಲ ಬರಿಗೈ ಹಾಕಿದವಳು. ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಮೊಣಕೈವರೆಗೆ ತೊಳೆದುಕೊಂಡರೆ ಎಲ್ಲ ಸರಿಹೋಯಿತು ಎಂದು ಇಬ್ಬರೂ ಅಂದುಕೊಂಡಿದ್ದೆವು.

ತೆಗೆದ ಮಾಸನ್ನು ಏನು ಮಾಡುತ್ತಾರೆ ಎಂದು ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ನೆಲದ ಮೇಲೆ ಬಿಸಾಡುವುದಿಲ್ಲ. ನಾಯಿ ತಿಂದರೆ ಹಸುವಿನ ಹಾಲು ಬತ್ತುತ್ತದೆ ಎಂಬ ಭಯ. ಹುಲ್ಲಿನಲ್ಲಿ ಸುತ್ತಿ, ಹಾಲು ಒಸರುವ ಮರಕ್ಕೆ, ಆಲವೋ ಅತ್ತಿಯೋ, ಎತ್ತರದ ಕೊಂಬೆಗೆ ಕಟ್ಟುತ್ತಾರೆ. ಮರದಲ್ಲಿ ಹಾಲು ಇದ್ದಂತೆ ಹಸುವಿನಲ್ಲೂ ಇರಲಿ ಎಂದು. ಮೊದಲು ಹುಲ್ಲಿನ ಮೂಟೆ ಇತ್ತು, ಈಗ ಸಿಮೆಂಟಿನ ಚೀಲ. ನಮ್ಮ ಊರಿನ ಆಲದ ಮರದಲ್ಲಿ ಇಂಥ ಚೀಲಗಳು ಯಾವಾಗ ನೋಡಿದರೂ ಏಳೆಂಟು ತೂಗುತ್ತಿದ್ದವು. ಆ ಮರದ ಕೆಳಗೇ ಹಾಲಿನ ಡೇರಿ. ಬೆಳಿಗ್ಗೆ ಸಂಜೆ ಹೆಂಗಸರು ಕ್ಯಾನು ಇಟ್ಟುಕೊಂಡು ಸಾಲು ಕೂರುವ ಚಪ್ಪಡಿ ಕಲ್ಲೂ ಅಲ್ಲೇ. ಕಾಗೆ ಚೀಲ ಹರಿದರೆ ಕಲ್ಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ಒಂದು ಬೊಗಸೆ ನೀರು ಚೆಲ್ಲಿ ಕೂರುತ್ತಿದ್ದರು. ಕಟ್ಟುವುದಕ್ಕೂ ಕೈಗುಣ ಬೇಕು ಎಂದು ಜನ ನಮ್ಮ ಅಟೆಂಡರಿಂದಲೇ ಕಟ್ಟಿಸುತ್ತಿದ್ದರು. ಐವತ್ತು ದಾಟಿದ ಮನುಷ್ಯ ಪಂಚೆ ಮೇಲಕ್ಕೆ ಕಟ್ಟಿ, ಸೋರುವ ಚೀಲವನ್ನು ಹೆಗಲಿಗೆ ಹಾಕಿಕೊಂಡು ಆ ಮರ ಹತ್ತುವುದನ್ನು ನಾನೇ ಕೆಳಗೆ ನಿಂತು ನೋಡಿದ್ದೇನೆ.

ಆ ವರ್ಷ ಮಳೆಗಾಲದಲ್ಲಿ ಅದೇ ಊರಿನ ಮೂರು ಹಸುಗಳು ಏಳನೇ ತಿಂಗಳಿನ ಸುಮಾರಿಗೆ ಕಂದು ಹಾಕಿದವು, ದಿನ ತುಂಬದೆ ಸತ್ತ ಕರು ಹಾಕಿದವು. ಮೂರರದ್ದೂ ಮಾಸು ಬೀಳಲಿಲ್ಲ. ಮೂರನ್ನೂ ಅಟೆಂಡರೇ ತೆಗೆದರು, ಮರಕ್ಕೂ ಕಟ್ಟಿದರು. ಮುಂದಿನ ಗಬ್ಬವಾದರೂ ನಿಲ್ಲಲಿ ಎಂದು ಮನೆಯವರು ಕೇಳಿಕೊಂಡರಂತೆ. ನನಗೆ ಕಂದು ರೋಗದ, ಇಂಗ್ಲಿಷಿನಲ್ಲಿ ಬ್ರೂಸೆಲ್ಲಾ ಅನ್ನುವುದರ, ಅನುಮಾನ ಬಂತು, ದಾಖಲೆ ಪುಸ್ತಕದಲ್ಲಿ ಬರೆದೆ, ರಕ್ತ ತೆಗೆದು ಪ್ರಯೋಗಾಲಯಕ್ಕೆ ಕಳಿಸಿದೆ. ದಾರಿಯಲ್ಲಿ ಐಸು ಕರಗಿ ಮಾದರಿ ಕೆಟ್ಟಿದೆ ಎಂದು ವಾಪಸು ಬಂತು. ಮತ್ತೆ ತೆಗೆದು ಕಳಿಸುವ ಹೊತ್ತಿಗೆ ದೀಪಾವಳಿ ಕಳೆದಿತ್ತು. ಅಟೆಂಡರಿಗೆ ಮೊದಲ ಜ್ವರ ಬಂದದ್ದು ಆ ದೀಪಾವಳಿಯಲ್ಲೇ.

ಇನ್ನು ಕಡತದ ವಿಚಾರ. ಒಂದು ದೇಶದಿಂದ ಇನ್ನೊಂದು ದೇಶಕ್ಕೆ ದನ, ಹಾಲು, ಮಾಂಸ ಹೋಗಬೇಕಾದರೆ ರೋಗ ಹೋಗಬಾರದು. ಹಾಗೆಂದು ರೋಗದ ನೆಪ ಹೇಳಿ ಸುಮ್ಮಸುಮ್ಮನೆ ಬಾಗಿಲು ಹಾಕಲೂ ಬಾರದು. ಅದಕ್ಕೆ ಎಲ್ಲ ದೇಶಗಳೂ ಸೇರಿ ಒಪ್ಪಿದ ಒಂದು ನಿಯಮದ ಪುಸ್ತಕವಿದೆ, ಒಂದೊಂದು ರೋಗಕ್ಕೂ ಒಂದೊಂದು ಅಧ್ಯಾಯ. ಅಧ್ಯಾಯ ಬರೆಯುವವರು ಬೇರೆ ಬೇರೆ ದೇಶದ ಕೆಲವು ಪರಿಣತರು. ಅವರು ಬರೆದದ್ದನ್ನು ದೇಶಗಳೇ ಆರಿಸಿ ಕೂರಿಸಿದ ಒಂದು ಮಂಡಳಿ ತಿದ್ದುತ್ತದೆ. ತಿದ್ದಿದ ಕರಡು ಎಲ್ಲ ದೇಶಗಳಿಗೂ ಹೋಗುತ್ತದೆ. ಹೊಸದಾಗಿ ಸೇರಿಸಿದ ಮಾತಿನ ಕೆಳಗೆ ಗೆರೆ, ತೆಗೆದ ಮಾತಿನ ಮೇಲೆ ಗೆರೆ. ಯಾವ ದೇಶ ಬೇಕಾದರೂ ಈ ಪದ ಸರಿಯಿಲ್ಲ ಎಂದು ಕಾರಣ ಕೊಟ್ಟು ಬರೆಯಬಹುದು. ಮಂಡಳಿ ಒಂದೊಂದನ್ನೂ ಓದಿ, ಒಪ್ಪಿದ್ದೇವೆ, ಒಪ್ಪಲಿಲ್ಲ, ಯಾಕೆ ಎಂದು ವರದಿ ಹಾಕುತ್ತದೆ. ಹೀಗೆ ಎರಡು ಮೂರು ಸುತ್ತು ಕರಡು ಓಡಾಡಿ, ಮೇ ತಿಂಗಳ ದೊಡ್ಡ ಸಭೆಯಲ್ಲಿ ಎಲ್ಲ ದೇಶದ ಮುಖ್ಯ ಪಶುವೈದ್ಯರು ಕೂತು ಒಪ್ಪಿದರೆ ಅದು ನಿಯಮ. ದೊಡ್ಡ ದೇಶಕ್ಕೂ ಒಂದೇ ಮತ, ಅಂಗೈಯಷ್ಟು ದೇಶಕ್ಕೂ ಒಂದೇ ಮತ. ಹಿಂದೊಮ್ಮೆ ಬೆಂಗಳೂರಿನ ತರಬೇತಿಯಲ್ಲಿ ಇದನ್ನೆಲ್ಲ ಕೇಳಿದಾಗ ನನಗೆ ನಿಜವಾಗಿ ಸಂತೋಷವಾಗಿತ್ತು. ಒಂದು ಪದಕ್ಕೆ ಪ್ರಪಂಚವೆಲ್ಲ ಇಷ್ಟು ತಲೆ ಕೆಡಿಸಿಕೊಳ್ಳುತ್ತದಲ್ಲ ಎಂದು.

ಆ ಕರಡು ದೆಹಲಿಗೆ ಬಂದು, ಅಲ್ಲಿಂದ ರಾಜ್ಯಕ್ಕೆ, ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ನಮ್ಮ ಪಶುವೈದ್ಯರ ವಾಟ್ಸಾಪ್ ಗುಂಪಿಗೆ ಇಳಿಯುವ ಹೊತ್ತಿಗೆ ನಾಲ್ಕು ದಿನ ಉಳಿದಿತ್ತು. ಕ್ಷೇತ್ರಮಟ್ಟದ ಅಭಿಪ್ರಾಯವಿದ್ದರೆ ಶುಕ್ರವಾರದೊಳಗೆ ಕಳಿಸಿ ಎಂದು ಸಂದೇಶ. ಐದು ನಿಮಿಷದಲ್ಲಿ ಗುಂಪಿನವರೆಲ್ಲ ಒಬ್ಬರ ಹಿಂದೆ ಒಬ್ಬರು ‘ನಿಲ್’, ಅಂದರೆ ಏನೂ ಇಲ್ಲ, ಎಂದು ಹಾಕಿ ಕೈ ತೊಳೆದುಕೊಂಡರು. ನನಗೆ ಮೈ ಉರಿಯಿತು. ಒಬ್ಬರೂ ತೆಗೆದು ಸಹ ನೋಡಿಲ್ಲ. ಕಡತ ತೆಗೆದೆ. ಕಂದು ರೋಗದ ಅಧ್ಯಾಯ. ನಮ್ಮ ಊರಿನಲ್ಲಿ ಮೂರು ಹಸು ಕಂದು ಹಾಕಿರುವಾಗ ಬಂದಿದೆ ನೋಡು ಎಂದು ಕುರ್ಚಿ ಎಳೆದು ಕೂತೆ.

ಹನ್ನೊಂದನೇ ಪುಟದಲ್ಲಿ ಒಂದು ಸಾಲಿತ್ತು. ಕಂದು ಹಾಕಿದ ಕರು, ಮಾಸು ಇವನ್ನು ಬೇರೆ ಪ್ರಾಣಿಗಳ ಬಾಯಿಗೆ ಸಿಗದಂತೆ ದೂರ ಇಡಬೇಕು ಎಂದು ಅದರ ಅರ್ಥ. ಜ್ವರ ಸ್ವಲ್ಪ ಇಳಿದು ಅವತ್ತು ಅಟೆಂಡರು ಕೆಲಸಕ್ಕೆ ಬಂದಿದ್ದರು, ಬಾಗಿಲ ಬಳಿ ಸ್ವೆಟರು ಹಾಕಿಕೊಂಡು ಬಿಸಿಲಿಗೆ ಕೂತಿದ್ದರು. ಆ ಸಾಲನ್ನು ಅವರಿಗೆ ಕನ್ನಡದಲ್ಲಿ ಹೇಳಿದೆ. ಅವರು ನಕ್ಕುಬಿಟ್ಟರು.

“ನಮ್ಮೋರು ಮಾಡ್ತಿರದೂ ಅದೇ ಅಲ್ವಾ ಡಾಕ್ಟ್ರಮ್ಮ? ನಾಯಿ ನರಿಗೆ ಸಿಗಬಾರ್ದು ಅಂತ್ಲೇ ಮರಕ್ಕೆ ಕಟ್ಟದು. ಅವ್ರು ಹೇಳೋಕ್ ಮುಂಚ್ಲೇ ನಾವು ಮಾಡ್ತಾವಿ ಬುಡಿ.”

ನಾನು ಬೆಚ್ಚಿದೆ. ಅವರು ಹೇಳಿದ್ದು ಅಕ್ಷರಶಃ ನಿಜ. ಆ ಸಾಲಿನ ಪ್ರಕಾರ ನಮ್ಮ ಆಲದ ಮರ ಅಂತಾರಾಷ್ಟ್ರೀಯ ಮಟ್ಟದ ಮರ. ಪ್ರಾಣಿಗೆ ಸಿಗದಂತೆ ದೂರ ಇಟ್ಟಾಗಿದೆ, ಇನ್ನೇನು ಬೇಕು? ಬರೆದವರಿಗೆ ನೆಲ ಮಾತ್ರ ಕಂಡಿದೆ, ಮರ ಕಂಡಿಲ್ಲ. ದೂರ ಇಡಬೇಕು ಎಂಬುದನ್ನು ತೆಗೆದು ಹೂಳಬೇಕು ಅಥವಾ ಸುಡಬೇಕು ಎಂದು ಹಾಕಬೇಕು. ಇದು ಗುಂಪಿನ ಯಾರಿಗೂ ಹೊಳೆದಿಲ್ಲ, ನನಗೆ ಹೊಳೆಯಿತು ಎಂದು ನನಗೆ ಹೆಮ್ಮೆ. ಹೊಳೆದದ್ದು ಅಟೆಂಡರಿಗೆ. ಅದೂ ಆಗ ನನ್ನ ತಲೆಗೆ ಹೋಗಲಿಲ್ಲ.

ಮೂರು ದಿನ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಕೂತು ಬರೆದೆ. ಸುಮ್ಮನೆ ಪದ ಬದಲಿಸಿ ಎಂದರೆ ಮಂಡಳಿ ಕೇಳುವುದಿಲ್ಲ, ಕಾರಣ ಕೊಡಬೇಕು. ಅಟೆಂಡರನ್ನು ಎದುರಿಗೆ ಕೂರಿಸಿಕೊಂಡೆ. ಹೇಗೆ ಕೈ ಹಾಕುತ್ತೀರಿ, ಎಷ್ಟು ಹೊತ್ತು, ಚೀಲ ಯಾರು ಹೊರುತ್ತಾರೆ, ಎಷ್ಟು ಎತ್ತರ, ಎಷ್ಟು ದಿನಕ್ಕೆ ಒಣಗುತ್ತದೆ ಎಂದು ಕೇಳಿ ಕೇಳಿ ಬರೆದುಕೊಂಡೆ. ಅವರು ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತಾ ಹೇಳುತ್ತಿದ್ದರು. ಮಧ್ಯೆ ಮಧ್ಯೆ ಸೊಂಟ ಹಿಡಿದುಕೊಂಡು ಎದ್ದು ನಿಲ್ಲುತ್ತಿದ್ದರು, ಕೂತು ಕೂತು ನೋವು ಎನ್ನುತ್ತಿದ್ದರು. ನಾನು ಇಂಗ್ಲಿಷಿನಲ್ಲಿ ಬರೆದೆ: ಇಂಥ ಮಾಸನ್ನು ಬರಿಗೈಯಲ್ಲಿ ತೆಗೆಯುವವನಿಗೂ ಹೊರುವವನಿಗೂ ಈ ರೋಗ ತಗಲುವ ಅಪಾಯ ಬಹಳ ಹೆಚ್ಚು, ಬಿಟ್ಟು ಬಿಟ್ಟು ಬರುವ ಜ್ವರ, ಮೈ ಬೆವರು, ಸೊಂಟ ನೋವು ಅದರ ಲಕ್ಷಣ, ಗೊತ್ತಾಗದೆ ಬಿಟ್ಟರೆ ಮೂಳೆಗೆ, ಹೃದಯಕ್ಕೆ ಇಳಿಯಬಹುದು.

ಈ ಸಾಲನ್ನು ನಾನು ಬರೆದಾಗ ಆ ಮನುಷ್ಯ ನನ್ನಿಂದ ಮೂರಡಿ ದೂರದಲ್ಲಿ ಕೂತು ಬೆವರುತ್ತಿದ್ದರು. ನಾನು ತಲೆ ಎತ್ತಲಿಲ್ಲ. ನನಗೆ ಏನು ಮಂಕು ಬಡಿದಿತ್ತೋ ಇವತ್ತಿಗೂ ತಿಳಿಯದು. ಟೈಫಾಯ್ಡ್ ಎಂದು ಹ್ಯಾಂಡ್‌ಪೋಸ್ಟಿನ ಒಂದು ಕ್ಲಿನಿಕ್ಕಿನವರು ಬರೆದುಕೊಟ್ಟ ಚೀಟಿ ಅವರ ಜೇಬಿನಲ್ಲಿತ್ತು, ನಾನು ಅದನ್ನು ನಂಬಿದ್ದೆ ಎಂದು ಬೇಕಾದರೆ ಹೇಳಬಹುದು. ಅದೂ ಪೂರ್ತಿ ನಿಜವಲ್ಲ. ನಂಬುವುದಕ್ಕೆ ಮೊದಲು ಯೋಚಿಸಬೇಕಲ್ಲ, ನಾನು ಯೋಚಿಸಿಯೇ ಇರಲಿಲ್ಲ. ಆ ಕಾಯಿಲೆ ನನ್ನ ಮಟ್ಟಿಗೆ ಪುಟದಲ್ಲಿತ್ತು, ದೇಶಗಳ ಮಧ್ಯೆ ಇತ್ತು, ದನದಲ್ಲಿತ್ತು. ನನ್ನ ಆಸ್ಪತ್ರೆಯ ಬೆಂಚಿನ ಮೇಲೆ ಇರಬಹುದು ಎಂದು ಅನ್ನಿಸಲೇ ಇಲ್ಲ. ಬೀಡಿ ಬಿಡಿ ಅಣ್ಣ, ವಯಸ್ಸಾಯಿತು ಎಂದು ಬುದ್ಧಿ ಹೇಳಿ ಕಳಿಸಿದೆ.

ಶುಕ್ರವಾರ ಬೆಳಿಗ್ಗೆ ಕಳಿಸಿದೆ. ಮಧ್ಯಾಹ್ನವೇ ನಮ್ಮ ಇಲಾಖೆಯ ಜಿಲ್ಲಾ ಅಧಿಕಾರಿ ಫೋನು ಮಾಡಿದರು. ಒಳ್ಳೆಯ ಮನುಷ್ಯ, ಆದರೆ ಅಂಜುಬುರುಕ. ಎರಡು ಪುಟ ಬರೆದಿದ್ದೀರಿ, ಸಂತೋಷ, ಆದರೆ ಈ ಮರದ ವಿಷಯ ಬೇಕಾ ಮೇಡಂ ಎಂದರು. ಹೊರದೇಶದವರು ಓದುವ ಕಾಗದ, ನಮ್ಮ ಮಾನ ಏನಾಗಬೇಕು ಎಂದರು. ಮಾನ ಮರದ ಮೇಲೆ ತೂಗುತ್ತಿದೆ ಸಾರ್, ಬಂದು ನೋಡಿ ಎಂದು ನಾನು ಜಗಳಕ್ಕೆ ನಿಂತೆ. ಕೊನೆಗೆ ರಾಜಿಯಾಯಿತು. ಮರ ಹೋಯಿತು, ಅಟೆಂಡರ ವಿಚಾರ ಹೋಯಿತು, ಹೂಳಬೇಕು ಅಥವಾ ಸುಡಬೇಕು ಎಂಬ ಸಾಲು ಉಳಿಯಿತು. ನಾನು ಗೆದ್ದೆ ಎಂದುಕೊಂಡೆ.

ಜನವರಿ ಮುಗಿಯುವಾಗ ರಕ್ತದ ವರದಿ ಬಂತು. ಮೂರು ಹಸುಗಳಲ್ಲೂ ಕಂದು ರೋಗ ಇದೆ. ನಮೂನೆ ತುಂಬಿದೆ. ಎಷ್ಟು ದನ, ಯಾವ ತಳಿ, ಎಷ್ಟು ವಯಸ್ಸು, ಕಿವಿಯ ಓಲೆ ನಂಬರು, ಎಲ್ಲಕ್ಕೂ ಕಾಲಂ ಇತ್ತು, ಮನುಷ್ಯರಿಗೆ ಇರಲಿಲ್ಲ. ಊರಿನವರನ್ನು ಡೇರಿ ಮುಂದೆ ಸೇರಿಸಿ ಹೇಳಬೇಕು ಎಂದಾಗ ಅಧಿಕಾರಿ ಮತ್ತೆ ಫೋನು ಮಾಡಿ ಒಂದು ಮಾತು ಹೇಳಿದರು. ಮನುಷ್ಯರಿಗೆ ಬರುತ್ತದೆ ಎಂದು ಹೇಳಿ ಗಾಬರಿ ಹಬ್ಬಿಸಬೇಡಿ, ಆ ಊರಿನ ಹಾಲು ಯಾರೂ ಮುಟ್ಟುವುದಿಲ್ಲ, ಆಮೇಲೆ ಸುಧಾರಿಸಲು ಆಗುವುದಿಲ್ಲ ಎಂದರು. ಯಾವ ಮಾತಿಗೂ ತಿರುಗಿ ಬೀಳುವ ನಾನು ಆ ಮಾತಿಗೆ ತಿರುಗಿ ಬೀಳಲಿಲ್ಲ. ನಮ್ಮ ಜನವೂ ಹಾಗೇ, ನಿಮಗೆ ಬರುತ್ತದೆ ಎಂದರೆ ಕಿವಿ ಮೇಲೆ ಹಾಕಿಕೊಳ್ಳುವುದಿಲ್ಲ, ನಿಮ್ಮ ಹಸುವಿಗೆ ಬರುತ್ತದೆ ಎಂದರೆ ಓಡಿ ಬರುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಹಾಗಾಗಿ ಡೇರಿ ಮುಂದೆ ನಿಂತು ಹಸುವಿನ ಮಾತನ್ನಷ್ಟೇ ಆಡಿದೆ. ಮರಕ್ಕೆ ಕಟ್ಟಬೇಡಿ, ಸುಣ್ಣ ಹಾಕಿ ಹೂಳಿ, ಇಲ್ಲದಿದ್ದರೆ ಒಂದರ ಹಿಂದೆ ಒಂದು ಹಸು ಕಂದು ಹಾಕುತ್ತದೆ, ಹಾಲು ಚೆನ್ನಾಗಿ ಕಾಯಿಸಿ ಎಂದೆ. ಒಬ್ಬ ಮುದುಕಿ, ಹೂತರೆ ಹಸುವಿನ ಹಾಲೂ ಮಣ್ಣಾಗುತ್ತೆ ಎಂದು ಎದ್ದು ಹೋದಳು. ಅಟೆಂಡರು ನನ್ನ ಪಕ್ಕದಲ್ಲಿ ಕೋಲು ಊರಿಕೊಂಡು ನಿಂತಿದ್ದರು, ಆ ಹೊತ್ತಿಗೆ ಕೋಲು ಬಂದಿತ್ತು. ಡಾಕ್ಟ್ರಮ್ಮ ಹೇಳಿದ ಹಾಗೆ ಕೇಳಿ, ಅವರು ನಮ್ಮ ಕೇಡು ಬಯಸುವವರಲ್ಲ ಎಂದು ಜನಕ್ಕೆ ಹೇಳಿದರು. ವಾಪಸು ಬರುವಾಗ ನಾನು ಅವರಿಗೆ ಇನ್ನು ಮೇಲೆ ಗ್ಲೌಸು ಹಾಕದೆ ಕೈ ಹಾಕಕೂಡದು ಎಂದು ಜೋರು ಮಾಡಿದೆ. ಯಾಕೆ ಎಂದು ಅವರು ಕೇಳಲಿಲ್ಲ. ಹಸುವಿಗೆ ನಂಜಾಗದಿರಲಿ ಎಂದು ಇರಬೇಕು ಅಂದುಕೊಂಡರೋ ಏನೋ. ನಾನೂ ಹೇಳಲಿಲ್ಲ. ಇನ್ನು ಮೇಲೆ ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ಆಗಲೇ ಆಗಿಹೋಗಿದ್ದರೆ ಎಂಬುದು ಇರಲಿಲ್ಲ.

ಫೆಬ್ರುವರಿಯಲ್ಲಿ ಅವರು ಹದಿನೈದು ದಿನ ಬರಲಿಲ್ಲ. ಅದಕ್ಕೂ ನಾನು ಕೂಗಾಡಿದೆ. ಹೆಂಡತಿ ಬಂದು ರಜೆಯ ಅರ್ಜಿ ಕೊಟ್ಟು, ಸಂಜೆಯಾದರೆ ಜ್ವರ, ಬೆಳಿಗ್ಗೆ ಎದ್ದರೆ ಹಾಸಿಗೆಯೆಲ್ಲ ಒದ್ದೆ, ಅನ್ನದ ಮೇಲೆ ಮನಸ್ಸಿಲ್ಲ ಎಂದರು. ಒಬ್ಬಳೇ ಎಷ್ಟು ದನ ಹಿಡಿಯಲಿ ಅಕ್ಕ, ನಾಲ್ಕು ದಿನ ರೆಸ್ಟು ಮಾಡಿ ಬರಲು ಹೇಳಿ ಎಂದೆ. ಆ ಹೆಂಗಸು ಸರಿ ಅಮ್ಮೋರೆ ಎಂದು ಹೋದರು.

ಮಾರ್ಚಿನಲ್ಲಿ ಕರಡಿನ ಮುಂದಿನ ಸುತ್ತು ಬಂತು. ನೇರ ಹನ್ನೊಂದನೇ ಪುಟ ತೆಗೆದೆ. ಸಿಗದಂತೆ ದೂರ ಇಡಬೇಕು ಎಂಬುದರ ಮೇಲೆ ಗೆರೆ. ಹೂಳಬೇಕು ಅಥವಾ ಸುಡಬೇಕು ಎಂಬುದರ ಕೆಳಗೆ ಗೆರೆ. ಕೆಲವು ದೇಶಗಳ ಅಭಿಪ್ರಾಯ ಒಪ್ಪಿ ತಿದ್ದಲಾಗಿದೆ ಎಂದು ವರದಿಯಲ್ಲಿ ಒಂದು ಸಾಲು. ಅದು ನನ್ನದೇ ಎಂದು ಹೇಳಲು ಬರುವುದಿಲ್ಲ, ಇನ್ಯಾವುದೋ ದೇಶದ ಇನ್ಯಾರೋ ಅದನ್ನೇ ಬರೆದಿರಬಹುದು. ಆದರೂ ನಾನು ಒಬ್ಬಳೇ ಕೋಣೆಯಲ್ಲಿ ಚಪ್ಪಾಳೆ ತಟ್ಟಿದೆ. ಹ್ಯಾಂಡ್‌ಪೋಸ್ಟಿಗೆ ಹೋಗಿ ಆ ಪುಟವನ್ನು ಪ್ರಿಂಟು ತೆಗೆಸಿದೆ, ಅಟೆಂಡರಿಗೆ ತೋರಿಸಬೇಕು ಎಂದು.

ಪ್ರಿಂಟು ಕೈಯಲ್ಲಿ ಹಿಡಿದು ಬಸ್ಸಿಗೆ ಕಾಯುತ್ತಿದ್ದಾಗ ಫೋನು ಬಂತು. ಮೈಸೂರಿನ ಒಂದು ಆಸ್ಪತ್ರೆಯ ಡಾಕ್ಟರು, ದನಿ ಕೇಳಿದರೆ ಚಿಕ್ಕ ವಯಸ್ಸಿನವರು. ನಿಮ್ಮಲ್ಲಿ ಕೆಲಸ ಮಾಡುವವರನ್ನು ಹಿಂದಿನ ದಿನ ಉಸಿರಾಡಲು ಕಷ್ಟವಾಗಿ ಮನೆಯವರು ಕರೆತಂದಿದ್ದಾರೆ ಎಂದರು. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದ್ದಕ್ಕೆ ಹಸುವಿನ ಮಾಸು ತೆಗೆಯುತ್ತೇನೆ ಅಂದರು, ನಿಮ್ಮ ಕಡೆ ದನಗಳಲ್ಲಿ ಬ್ರೂಸೆಲ್ಲಾ ಇದೆಯಾ ಮೇಡಂ ಎಂದರು. ಐದು ತಿಂಗಳಿನಲ್ಲಿ ಆ ಪ್ರಶ್ನೆ ಕೇಳಿದ ಮೊದಲ ಮನುಷ್ಯ. ನಾನು ಬಸ್‌ಸ್ಟ್ಯಾಂಡಿನ ಕಟ್ಟೆ ಮೇಲೆ ಕೂತುಬಿಟ್ಟೆ. ಇದೆ ಎಂದೆ. ಮೊದಲೇ ಹಿಡಿದಿದ್ದರೆ ಕೆಲವು ವಾರದ ಮಾತ್ರೆಯಲ್ಲಿ ವಾಸಿಯಾಗುತ್ತಿತ್ತು, ಈಗ ಹೃದಯದ ಕವಾಟಕ್ಕೆ ಹೋಗಿದೆ, ನೋಡೋಣ ಎಂದರು ಅವರು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಥ್ಯಾಂಕ್ಸ್ ಮೇಡಂ ಎಂದು ಇಟ್ಟರು.

ಮರುದಿನ ಹೋದೆ. ಅಣ್ಣ ಅರ್ಧ ಆಗಿದ್ದರು. ಮರ ಹತ್ತುತ್ತಿದ್ದ ಕಾಲುಗಳು ಹಗ್ಗದಂತೆ ಹಾಸಿಗೆ ಮೇಲೆ ಬಿದ್ದಿದ್ದವು. ಮೂಗಿಗೆ ಆಮ್ಲಜನಕದ ನಳಿಕೆ. ನನ್ನನ್ನು ಕಂಡು ಏಳಲು ಹೋದರು, ಮಲಗಿ ಅಣ್ಣ ಎಂದೆ. ಬಾಯಿ ಬಿಟ್ಟರೆ ಅಳು ಬರುತ್ತದೆ ಎಂದು ಚೀಲದಿಂದ ಪ್ರಿಂಟು ತೆಗೆದು ತೋರಿಸಿದೆ. ಅದಕ್ಕಿಂತ ನಾಚಿಕೆಗೇಡಿನ ಕೆಲಸ ನಾನು ಜನ್ಮದಲ್ಲಿ ಮಾಡಿಲ್ಲ. ಅವರು ಆ ಗೆರೆಗಳ ಮೇಲೆ ಬೆರಳಾಡಿಸಿ, ನಾವು ಮಾತಾಡಿದ್ದು ಅಷ್ಟು ದೂರ ಹೋಯಿತಾ ಎಂದು ಕೇಳಿದರು. ಹೋಯಿತು ಎಂದೆ. ಖುಷಿಯಾದರು. ಈ ಕಾಯಿಲೆ ದನದಿಂದ ಬಂದದ್ದಂತೆ ಡಾಕ್ಟ್ರಮ್ಮ, ಇಲ್ಲಿಯ ಡಾಕ್ಟರು ಹೇಳಿದರು, ನೀವೂ ಹುಷಾರು, ನೀವೂ ಕೈ ಹಾಕ್ತೀರಿ ಎಂದರು. ಅಲ್ಲೇ ಹೇಳಬೇಕಿತ್ತು. ನನಗೆ ಗೊತ್ತಿತ್ತು ಅಣ್ಣ, ತಪ್ಪಾಯಿತು ಎಂದು ಕೈ ಹಿಡಿದುಕೊಂಡು ಹೇಳಬೇಕಿತ್ತು. ಮೂರು ತಾಲ್ಲೂಕಿನಲ್ಲಿ ಜೋರು ಮಾಡಿದ ಬಾಯಿ ಅವತ್ತು ತೆರೆಯಲಿಲ್ಲ. ನೀವು ವಾಸಿಯಾಗಿ ಬನ್ನಿ, ಆಮೇಲೆ ಎಲ್ಲ ಮಾತಾಡೋಣ ಎಂದು ಬಂದುಬಿಟ್ಟೆ.

ಆಪರೇಷನ್ ಎಂದು ದಿನ ಗೊತ್ತು ಮಾಡಿದ್ದರು. ಅದಕ್ಕೆ ಎರಡು ದಿನ ಮುಂಚೆ ಬೆಳಿಗ್ಗೆ ಕಾಫಿ ಕುಡಿದು ಮಗ್ಗುಲಾದವರು ಏಳಲಿಲ್ಲ. ಊರಿನವರೆಲ್ಲ ಹಾರ್ಟು ಎಂದರು. ಡೇರಿಯವರು ಒಂದು ಹೊತ್ತು ಹಾಲು ಹಾಕಿಸಿಕೊಳ್ಳಲಿಲ್ಲ. ಮಣ್ಣಿಗೆ ಹೋದ ನಾನು ದೂರ ನಿಂತು ಎಲ್ಲ ಮುಗಿದ ಮೇಲೆ ಮನೆಗೆ ಬಂದೆ.

ಮೇ ತಿಂಗಳ ಕೊನೆಗೆ ವಾಟ್ಸಾಪ್ ಗುಂಪಿನಲ್ಲಿ ಅಧಿಕಾರಿ ಒಂದು ಸಂದೇಶ ಹಾಕಿದರು. ಕಂದು ರೋಗದ ಅಧ್ಯಾಯ ದೊಡ್ಡ ಸಭೆಯಲ್ಲಿ ಒಪ್ಪಿಗೆಯಾಗಿದೆ, ನಮ್ಮ ಜಿಲ್ಲೆಯಿಂದ ಅಭಿಪ್ರಾಯ ಕೊಟ್ಟ ಡಾಕ್ಟರಿಗೆ ಅಭಿನಂದನೆ ಎಂದು. ನಿಲ್ ಎಂದು ಹಾಕಿದ್ದವರೆಲ್ಲ ಒಬ್ಬರ ಹಿಂದೆ ಒಬ್ಬರು ಕೈ ಮುಗಿಯುವ ಚಿತ್ರ ಹಾಕಿದರು. ನಾನು ಗುಂಪಿನಿಂದ ಹೊರಗೆ ಬಂದೆ. ಆ ಅಧ್ಯಾಯದಲ್ಲಿ ತಪ್ಪಿಲ್ಲ, ಅದನ್ನು ಬರೆದವರ ಮೇಲೆ ನನಗೆ ಸಿಟ್ಟೂ ಇಲ್ಲ. ಅವರಿಗೆ ಗೊತ್ತಿಲ್ಲದ್ದನ್ನು ಕೇಳಿ ತಿಳಿದು ತಿದ್ದಿಕೊಂಡರು. ಗೊತ್ತಿದ್ದೂ 'ನಿಲ್' ಎಂದು ಕೂತವಳು ನಾನು, ಅದೂ ನನ್ನ ಎದುರಿಗೆ ಕೂತ ಒಬ್ಬ ಮನುಷ್ಯನ ವಿಚಾರದಲ್ಲಿ.

ಮರುದಿನ ಅವರ ಮನೆಗೆ ಹೋದೆ. ಹೆಂಡತಿ ಜಗಲಿಯಲ್ಲಿ ಅವರೆಕಾಳು ಆರಿಸುತ್ತಿದ್ದರು. ಕೂರಲು ಚಾಪೆ ಹಾಕಿದರು, ಬೇಡವೆಂದರೂ ಟೀ ಮಾಡಿ ತಂದು ಕೊಟ್ಟರು. ಸ್ವಲ್ಪ ಹೊತ್ತು ಅಣ್ಣನ ಕೆಲಸದ ಕಾಗದಪತ್ರದ ಮಾತಾಡಿದೆವು. ಆಮೇಲೆ ಆಕೆ ಮೊರ ಪಕ್ಕಕ್ಕೆ ಇಟ್ಟರು.

“ಒಂದ್ ಮಾತು ಕೇಳ್ತೀನಿ, ಬ್ಯಾಸ್ರ ಮಾಡ್ಕಬೇಡಿ ಅಮ್ಮೋರೆ. ಆಸ್ಪತ್ರೇಲಿ ನಾನು ಇವ್ರ್ ತವ ಜಗಳ ಆಡ್ದೆ. ನಿಮ್ ಡಾಕ್ಟ್ರಮ್ಮಂಗೆ ಇದು ಮನ್ಸರಿಗೆ ಬತ್ತದೆ ಅಂತ ತಿಳೀದಾ, ಯಾಕ್ ಒಂದ್ ಮಾತು ಹೇಳ್ನಿಲ್ಲ ಅಂದೆ. ಇವ್ರು ನನ್ ಮ್ಯಾಲೇ ಸಿಟ್ ಮಾಡ್ಕಂಡ್ರು. ಅವ್ರಿಗೂ ಗೊತ್ತಿರ್ನಿಲ್ಲ ಕಣೆ, ಗೊತ್ತಿದ್ದಿದ್ರೆ ಹೇಳ್ದೆ ಇರೋ ಜೀವ ಅಲ್ಲ ಅದು, ಅವ್ರನ್ನ ಯಾವತ್ತೂ ಹಿಂಗ್ ಕೇಳ್ಬೇಡ ಅಂದ್ರು. ಆದ್ರೂ ನಂಗೆ ಮನ್ಸು ತಡೀತಿಲ್ಲ. ನಿಮ್ಗೆ ಗೊತ್ತಿತ್ತಾ?”

ಇಲ್ಲ ಅನ್ನಬಹುದಿತ್ತು. ಸತ್ತವರ ಮಾತು ಉಳಿಯುತ್ತಿತ್ತು, ಆಕೆಯ ಮನಸ್ಸೂ ತಣ್ಣಗಾಗುತ್ತಿತ್ತು, ನನಗೂ ಒಂದು ದಾರಿ ಸಿಗುತ್ತಿತ್ತು. ಇಷ್ಟೆಲ್ಲ ಒಂದು ಕ್ಷಣದಲ್ಲಿ ತಲೆಯಲ್ಲಿ ಓಡಿತು.

“ಗೊತ್ತಿತ್ತು ಅಕ್ಕ” ಎಂದೆ.

ಆಕೆ ನನ್ನ ಕೈಯಲ್ಲಿದ್ದ ಲೋಟವನ್ನು, ಟೀ ಇನ್ನೂ ಅರ್ಧ ಇತ್ತು, ತೆಗೆದುಕೊಂಡು ಅಂಗಳಕ್ಕೆ ಚೆಲ್ಲಿದರು. ಬಸ್ಸಿನ ಹೊತ್ತಾಯಿತು, ಹೋಗಿ ಎಂದರು. ಹೋಗಿ ಬನ್ನಿ ಅನ್ನಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.